ಕಪ್ಪೆಗಳ ಗಾಜಿನ ಪೆಟ್ಟಿಗೆಗೆ ನರ್ಸರಿಯ ಗಿಡ ನೆಡುವ ಮೊದಲು

ಕಳೆದ ಚಳಿಗಾಲದಲ್ಲಿ ಅಮೆರಿಕದ ಮಿನೆಸೋಟದ ನಮ್ಮ ಮನೆಯೊಳಗೆ ನಾನು ಆಸೆಯಿಂದ ಕಟ್ಟಿದ ವೈವೇರಿಯಂ, ಅಂದರೆ ಮಳೆಕಾಡನ್ನು ಹೋಲುವ ಗಿಡ ನೆಟ್ಟ ಗಾಜಿನ ಪೆಟ್ಟಿಗೆ, 14 ದಿನಗಳಲ್ಲಿ ಎರಡು ಕಪ್ಪೆಗಳ ಪ್ರಾಣ ತೆಗೆಯಿತು. ಕಾರಣ ರೋಗವಲ್ಲ, ಚಳಿಯಲ್ಲ, ಆಹಾರದ ಕೊರತೆಯೂ ಅಲ್ಲ. ಹೂಗಿಡಗಳ ಅಂಗಡಿಯಿಂದ ತಂದು, ಎಲೆಗಳನ್ನೆಲ್ಲ ಚೆನ್ನಾಗಿ ತೊಳೆದು ನೆಟ್ಟ ಎರಡು ಗಿಡಗಳು. ಎಲೆ ತೊಳೆದರೆ ಸಾಕೆಂದು ನಂಬಿದ್ದೆನಲ್ಲ, ಆ ನಂಬಿಕೆಯ ಬಗ್ಗೆಯೇ ಈ ಬರಹ.

ಐದು ತಿಂಗಳು ಹಸಿರೇ ಕಾಣದ ಊರಿನಲ್ಲಿ ಮಲೆನಾಡಿನ ನಮ್ಮ ಸಾಗರದ ಕಡೆಯ ಮಳೆಗಾಲದ ತುಣುಕೊಂದು ಮನೆಯಲ್ಲಿರಲಿ ಎಂಬುದು ನನ್ನ ಆಸೆಯಾಗಿತ್ತು. ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ, "ಅಲ್ಲ ಮಾರಾಯ, ಬಚ್ಚಲ ಹಂಡೆ ಹಿಂದೆ ಕೂತಿರೋ ಕಪ್ಪೆ ಓಡಿಸೋದೇ ನಂಗೆ ಸಾಕಾಗಿದೆ, ನೀನು ದುಡ್ಡು ಕೊಟ್ಟು ಮನೆಗೆ ತರ್ತೀಯಾ?" ಎಂದು ನಕ್ಕಿದ್ದಳು. ನಾನು ಆರಿಸಿಕೊಂಡದ್ದು ವೆನೆಜುವೆಲಾ, ಗಯಾನಾ ಕಡೆಯ ಕಾಡುಗಳ, ಕಪ್ಪು ಮೈಮೇಲೆ ಹಳದಿ ಪಟ್ಟೆಗಳಿರುವ ಡೆಂಡ್ರೊಬೇಟಿಸ್ ಲ್ಯೂಕೊಮೆಲಾಸ್ ಎಂಬ ಜಾತಿಯನ್ನು. ಇವು ವಿಷಕಪ್ಪೆಗಳೆಂದೇ ಹೆಸರಾದವು. ಆದರೆ ಆ ವಿಷ ಅವುಗಳಿಗೆ ಬರುವುದು ಕಾಡಿನಲ್ಲಿ ತಿನ್ನುವ ಇರುವೆ ಮತ್ತು ನುಸಿಗಳಿಂದ, ಆದ್ದರಿಂದ ಹಣ್ಣಿನ ನೊಣ ತಿಂದು ಮನೆಯಲ್ಲಿ ಬೆಳೆದವುಗಳಲ್ಲಿ ಅದು ಇರುವುದಿಲ್ಲ. ನಮ್ಮ ಮನೆಯಲ್ಲಿ ವಿಷವಿದ್ದದ್ದು ಕಪ್ಪೆಯಲ್ಲಲ್ಲ, ಕಪ್ಪೆಯ ಕಾಲ ಕೆಳಗಿನ ಮಣ್ಣಿನಲ್ಲಿ.

ಪೆಟ್ಟಿಗೆಯ ಕೆಲಸವನ್ನು ನಾನು ಅವಸರದಲ್ಲೇನೂ ಮಾಡಲಿಲ್ಲ. 45 ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಗಾಜಿನ ಪೆಟ್ಟಿಗೆಯ ತಳದಲ್ಲಿ ನೀರು ಬಸಿಯಲು ಸುಟ್ಟ ಜೇಡಿಮಣ್ಣಿನ ಉಂಡೆಗಳು, ಅದರ ಮೇಲೆ ಸಣ್ಣ ಕಣ್ಣಿನ ಬಲೆ, ಬಲೆಯ ಮೇಲೆ ತೆಂಗಿನ ನಾರು, ಇದ್ದಿಲು, ಮರದ ತೊಗಟೆ ಮತ್ತು ಪಾಚಿ ಬೆರೆಸಿದ ಮಣ್ಣು, ಎಲ್ಲಕ್ಕೂ ಮೇಲೆ ಓಕ್ ಮರದ ತರಗೆಲೆ. ಹಿಂಬದಿಯ ಗೋಡೆಗೆ ಬೂಷ್ಟು ತಡೆಯುವ ಔಷಧ ಬೆರೆಸದ ಸಿಲಿಕೋನನ್ನೇ ಹುಡುಕಿ ತಂದು, ಅದರ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಕಾದೆ. ನಮ್ಮ ಕಡೆಯ ನಲ್ಲಿ ನೀರಿನಲ್ಲಿ ಸೋಂಕು ಕಳೆಯಲು ಸೇರಿಸುವ ಕ್ಲೋರಮೀನ್ ಇರುವುದರಿಂದ ಸಿಂಪಡಿಸಲು ಶುದ್ಧೀಕರಿಸಿದ ನೀರನ್ನೇ ಬಳಸಿದೆ. ದೀಪದ ಶಾಖದಿಂದ ಒಳಗೆ 29 ಡಿಗ್ರಿ ತಲುಪಿದ್ದನ್ನು ಕಂಡು ದೀಪವನ್ನು ಮೇಲಕ್ಕೆತ್ತಿ 24 ಡಿಗ್ರಿಗೆ ಇಳಿಸಿದೆ. ಕಪ್ಪೆಗಳನ್ನು ತರುವ ಮೊದಲು ಆರು ವಾರ ಪೆಟ್ಟಿಗೆಯನ್ನು ಹಾಗೆಯೇ ಬಿಟ್ಟಿದ್ದೆ. ಇಷ್ಟೆಲ್ಲ ಹೇಳುವುದು ಹೆಚ್ಚುಗಾರಿಕೆಗಲ್ಲ; ಇಷ್ಟು ಎಚ್ಚರ ವಹಿಸಿದವನೂ ಎಲ್ಲಿ ಮೋಸಹೋಗುತ್ತಾನೆ ಎಂಬುದು ತಿಳಿಯಲಿ ಎಂದು.

ಗಿಡಗಳೆಂದರೆ ಒಂದು ಮನಿ ಪ್ಲಾಂಟ್ ಮತ್ತು ಅನಾನಸಿನ ಬಳಗದ ಒಂದು ಬ್ರೊಮೀಲಿಯಾಡ್. ಎರಡನ್ನೂ ದೊಡ್ಡ ಅಂಗಡಿಯೊಂದರ ಹೂಗಿಡ ವಿಭಾಗದಿಂದ ತಂದು, ಒಂದು ಪಾಲು ಬ್ಲೀಚಿಗೆ 19 ಪಾಲು ನೀರು ಬೆರೆಸಿ ಎಲೆಗಳನ್ನು ಹತ್ತು ನಿಮಿಷ ಅದ್ದಿಟ್ಟು, ಹಲವು ಬಾರಿ ತೊಳೆದು ನೆಟ್ಟೆ. ಬೇರಿನ ಸುತ್ತ ಅಂಟಿದ್ದ ಕುಂಡದ ಮಣ್ಣನ್ನು ಮಾತ್ರ, ಬೇರಿಗೆ ನೋವಾದೀತೆಂದು, ಹಾಗೆಯೇ ಬಿಟ್ಟೆ. ಎಲೆಯ ಮೇಲಿರುವ ಬಸವನಹುಳು, ಅದರ ಮೊಟ್ಟೆ, ಬೂಷ್ಟು ಇವುಗಳನ್ನು ಬ್ಲೀಚ್ ಕೊಲ್ಲುತ್ತದೆ. ಆದರೆ ನಿಯೊನಿಕೋಟಿನಾಯ್ಡ್ ಎಂಬ ಗುಂಪಿಗೆ ಸೇರಿದ ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕ ಎಲೆಯ ಮೇಲೆ ಕೂತಿರುವುದಿಲ್ಲ. ಅದನ್ನು ಮಣ್ಣಿಗೆ ಹಾಕುತ್ತಾರೆ, ಬೇರು ಹೀರಿಕೊಳ್ಳುತ್ತದೆ, ಗಿಡದ ರಸದಲ್ಲಿ ಸೇರಿ ಚಿಗುರಿನವರೆಗೂ ಹರಡುತ್ತದೆ. ಎಲೆ ಕಚ್ಚಿದ ಹುಳು ಸಾಯಲಿ ಎಂಬುದೇ ಅದರ ಉದ್ದೇಶ. ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಹೊರಗಿನಿಂದ ಎಷ್ಟು ತೊಳೆದರೂ ಅದಕ್ಕೆ ಏನೂ ಆಗುವುದಿಲ್ಲ.

ಪೆಟ್ಟಿಗೆ ನನಗೆ ಮುನ್ಸೂಚನೆ ಕೊಟ್ಟಿತ್ತು. ಇಂಥ ಪೆಟ್ಟಿಗೆಗೆ ಕಪ್ಪೆಗಿಂತ ಮೊದಲು ಸ್ಪ್ರಿಂಗ್‌ಟೇಲ್ ಎಂಬ, ಎಳ್ಳಿಗಿಂತಲೂ ಚಿಕ್ಕದಾದ ಬಿಳಿಯ ಜೀವಿಗಳನ್ನು ಬಿಡುತ್ತಾರೆ. ಅವು ಬೂಷ್ಟನ್ನು ತಿಂದು ಮಣ್ಣನ್ನು ಶುಚಿಯಾಗಿಡುತ್ತವೆ, ಮರಿಗಪ್ಪೆಗಳಿಗೆ ತಿಂಡಿಯೂ ಆಗುತ್ತವೆ. ನಾನು ಡಿಸೆಂಬರ್ ಮೊದಲ ವಾರದಲ್ಲಿ ಬಿಟ್ಟ ಒಂದು ಡಬ್ಬಿ ಸ್ಪ್ರಿಂಗ್‌ಟೇಲ್ ಕ್ರಿಸ್ಮಸ್ ಹೊತ್ತಿಗೆ ಕಾಣೆಯಾಗಿತ್ತು. ಮಣ್ಣಿನ ಆಳಕ್ಕೆ ಇಳಿದಿರಬಹುದೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಇನ್ನೊಂದು ಡಬ್ಬಿ ತಂದು ಸುರಿದೆ. ಅದೂ ಹತ್ತು ದಿನದಲ್ಲಿ ಇಲ್ಲವಾಯಿತು. ತರಗೆಲೆಗಳ ಮೇಲೆ ಬಿಳಿ ಬೂಷ್ಟು ಮಾತ್ರ ಹತ್ತಿಯಂತೆ ಬೆಳೆಯುತ್ತಲೇ ಇತ್ತು. ಬೂಷ್ಟಿದ್ದೂ ಅದನ್ನು ತಿನ್ನುವ ಜೀವಿಗಳು ಬದುಕುತ್ತಿಲ್ಲವೆಂದರೆ ಏನರ್ಥ ಎಂದು ಒಂದು ಕ್ಷಣ ಯೋಚಿಸಿದ್ದರೂ ಸಾಕಿತ್ತು. ನಾನು ಯೋಚಿಸಿದ್ದು ಕಪ್ಪೆಗಳಿಗೆ ಮುಂಗಡ ಕೊಟ್ಟಾಗಿದೆಯಲ್ಲ ಎಂದು.

ಜನವರಿ ಮೂರನೆಯ ವಾರದಲ್ಲಿ ಒಂದಕ್ಕೆ 65 ಡಾಲರಿನಂತೆ ಮೂರು ಮರಿಗಪ್ಪೆಗಳನ್ನು ತಂದು, ಬೇರೆ ಡಬ್ಬಿಯಲ್ಲಿ ಕೆಲವು ವಾರ ಇಟ್ಟು ನೋಡದೆ, ನೇರವಾಗಿ ಪೆಟ್ಟಿಗೆಗೆ ಬಿಟ್ಟೆ. ಮೊದಲ ವಾರ ಚುರುಕಾಗಿದ್ದವು. ಹಾಕಿದ ಹಣ್ಣಿನ ನೊಣಗಳಲ್ಲಿ ಕೆಲವು ಬ್ರೊಮೀಲಿಯಾಡಿನ ಬುಡದಲ್ಲಿ ಅಂಗಾತ ಬಿದ್ದು ಕಾಲಾಡಿಸುತ್ತಿದ್ದುದನ್ನು ಆಗಲೇ ನೋಡಿದ್ದೆ. ಒಂಬತ್ತನೆಯ ದಿನ ಒಂದು ಕಪ್ಪೆ ಹಿಂಗಾಲುಗಳನ್ನು ಚಾಚಿ ಬಿದ್ದಿತ್ತು. ಮುಟ್ಟಿದರೆ ಮೈ ನಡುಗುತ್ತಿತ್ತು, ಮಗುಚಿದರೆ ತಿರುಗಿ ಏಳಲಾಗುತ್ತಿರಲಿಲ್ಲ. ಅದೇ ರಾತ್ರಿ ಸತ್ತಿತು. ಎರಡನೆಯದಕ್ಕೂ ಅದೇ ಲಕ್ಷಣಗಳು ಕಂಡಾಗ ಉಭಯಚರಗಳನ್ನು ನೋಡುವ ಪಶುವೈದ್ಯರ ಬಳಿಗೆ ಒಯ್ದೆ. ಆ ಹೊತ್ತಿಗೆ ತಡವಾಗಿತ್ತು.

ವೈದ್ಯರು ಮೊದಲು ಶಂಕಿಸಿದ್ದು ಕೈಟ್ರಿಡ್ ಶಿಲೀಂಧ್ರವನ್ನು. ಜಗತ್ತಿನ ಕಪ್ಪೆಗಳನ್ನು ಕಾಡುತ್ತಿರುವ ಈ ಶಿಲೀಂಧ್ರವನ್ನು ವಿಜ್ಞಾನಿಗಳು 1999ರಲ್ಲಿ ಮೊದಲು ವಿವರಿಸಿದ್ದೂ ವಾಷಿಂಗ್ಟನ್ನಿನ ಮೃಗಾಲಯದಲ್ಲಿ ಸತ್ತ ಇದೇ ಬಳಗದ ನೀಲಿ ಕಪ್ಪೆಯೊಂದರಿಂದ. ಚರ್ಮದ ಮಾದರಿಯ ಪರೀಕ್ಷೆಯಲ್ಲಿ ಅದು ಸಿಗಲಿಲ್ಲ. ಆಗ ಅವರು ಕೇಳಿದ ಪ್ರಶ್ನೆ, "ಗಿಡಗಳ ಬೇರಿನ ಮಣ್ಣು ಎಲ್ಲಿಯದು?" ಮನೆಗೆ ಬಂದು ಬ್ರೊಮೀಲಿಯಾಡನ್ನು ಕಿತ್ತು ನೋಡಿದರೆ ಬೇರುಗಳ ನಡುವೆ ಸಾಸಿವೆಗಿಂತ ತುಸು ದೊಡ್ಡದಾದ ಹಳದಿ ಗುಳಿಗೆಗಳು, ಅಂದರೆ ನಿಧಾನವಾಗಿ ಕರಗುವ ರಾಸಾಯನಿಕ ಗೊಬ್ಬರ. ಗ್ಯಾರೇಜಿನಲ್ಲಿ ಎಸೆಯದೆ ಉಳಿದಿದ್ದ ಖಾಲಿ ಕುಂಡದ ಅಂಚಿಗೆ ಸಿಕ್ಕಿಸಿದ್ದ ಚೀಟಿಯ ಹಿಂಬದಿಯಲ್ಲಿ, ಈ ಗಿಡಕ್ಕೆ ನಿಯೊನಿಕೋಟಿನಾಯ್ಡ್ ಗುಂಪಿನ ಕೀಟನಾಶಕ ಹಾಕಲಾಗಿದೆ ಎಂದು ಸ್ಪಷ್ಟವಾಗಿಯೇ ಅಚ್ಚಾಗಿತ್ತು. ಅಂಗಡಿಯವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ನಾನು ಓದಿರಲಿಲ್ಲ, ಅಷ್ಟೇ. ಆ ಬೇರಿನ ಮಣ್ಣನ್ನು ಒಂದು ಡಬ್ಬಿಗೂ ಹೊಸ ಮಣ್ಣನ್ನು ಇನ್ನೊಂದಕ್ಕೂ ಹಾಕಿ ಎರಡರಲ್ಲೂ ಸ್ಪ್ರಿಂಗ್‌ಟೇಲ್ ಬಿಟ್ಟೆ; ಮೊದಲನೆಯದರಲ್ಲಿ ಮೂರು ದಿನದಲ್ಲಿ ಒಂದೂ ಉಳಿಯಲಿಲ್ಲ.

ಇಂಥ ಮಣ್ಣು ಕಪ್ಪೆಗೆ ಇಷ್ಟು ಅಪಾಯಕಾರಿಯಾಗುವುದು ಕಪ್ಪೆಯ ಚರ್ಮದಿಂದಾಗಿ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಒದ್ದೆ ನೆಲದ ಮೇಲೆ ಕುಳಿತು ಹೊಟ್ಟೆ ಮತ್ತು ತೊಡೆಯ ಅಡಿಭಾಗದ ಚರ್ಮದಿಂದ ಹೀರಿಕೊಳ್ಳುತ್ತದೆ. ಮಣ್ಣಿನ ನೀರಿನಲ್ಲಿ ಗೊಬ್ಬರದ ಲವಣಗಳಿದ್ದರೂ ಕೀಟನಾಶಕವಿದ್ದರೂ ಅದೇ ದಾರಿಯಲ್ಲಿ ಮೈ ಸೇರುತ್ತವೆ. ಎರಡರಲ್ಲಿ ಯಾವುದರ ಪಾಲು ಹೆಚ್ಚೆಂದು ಲೆಕ್ಕ ಹಾಕುತ್ತ ಕೂರುವುದರಲ್ಲಿ ಅರ್ಥವಿಲ್ಲ, ಎರಡನ್ನೂ ಒಳಗಿಟ್ಟವನು ನಾನೇ.

ಇಂಥ ಪೆಟ್ಟಿಗೆ ಕಟ್ಟುವವರು ಗಿಡವನ್ನು ಕುಂಡದ ಮಣ್ಣಿನ ಸಮೇತ ಎಂದೂ ನೆಡಬೇಡಿ. ಸಾಧ್ಯವಾದರೆ ಕಪ್ಪೆ ಸಾಕುವವರೇ ಔಷಧ ಹಾಕದೆ ಬೆಳೆಸಿದ ಗಿಡಗಳ ತುಂಡುಗಳನ್ನು ಪಡೆಯಿರಿ. ಅಂಗಡಿಯ ಗಿಡವೇ ಬೇಕಿದ್ದರೆ ಬೇರಿನ ಮಣ್ಣನ್ನೆಲ್ಲ ತೊಳೆದು, ಗೊಬ್ಬರವಿಲ್ಲದ ಮಣ್ಣಿನಲ್ಲಿ ಹಲವು ತಿಂಗಳು ಬೇರೆಯಾಗಿ ಬೆಳೆಸಿ, ನಂತರ ಬಂದ ಹೊಸ ಚಿಗುರಿನ ತುಂಡನ್ನು ಮಾತ್ರ ಬಳಸಿ. ಸ್ಪ್ರಿಂಗ್‌ಟೇಲ್ ಸಂಖ್ಯೆ ಕಣ್ಣಿಗೆ ಕಾಣುವಂತೆ ಹೆಚ್ಚದಿದ್ದರೆ, ಆರು ವಾರವಲ್ಲ ಆರು ತಿಂಗಳಾಗಿದ್ದರೂ, ಕಪ್ಪೆ ತರಬೇಡಿ. ಕೆಡವಿದ ಪೆಟ್ಟಿಗೆಯ ಮಣ್ಣು, ನೀರನ್ನು ತೋಟಕ್ಕೋ ಚರಂಡಿಗೋ ಸುರಿಯಬೇಡಿ. ಅದರಲ್ಲಿ ರೋಗವಿದ್ದರೆ ಹೊರಗಿನ ಕಪ್ಪೆಗಳಿಗೂ ಹರಡೀತು; ನಾನು ಹೇಳಿದ ಆ ಶಿಲೀಂಧ್ರ ನಮ್ಮ ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಪತ್ತೆಯಾಗಿದೆ. ಊರಿನಲ್ಲಿರುವವರು ಇದನ್ನೋದಿ ತೋಟದ ಮರಗಪ್ಪೆ ಹಿಡಿದು ಗಾಜಿನೊಳಗಿಡಲು ಹೊರಡಬೇಡಿ. ಅವನ್ನು ಕೇಳಲು ಜೂನ್ ತಿಂಗಳಲ್ಲಿ ಜಗುಲಿಯಲ್ಲಿ ಕುಳಿತರೆ ಸಾಕು.

ಮೂರನೆಯ ಕಪ್ಪೆಯನ್ನು ಅಂದೇ ಹೊರತೆಗೆದು, ವೈದ್ಯರು ಕೊಟ್ಟ ಲವಣದ್ರಾವಣದಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಒದ್ದೆ ಕಾಗದದ ಟವೆಲ್ ಹಾಸಿದ ಪ್ಲಾಸ್ಟಿಕ್ ಡಬ್ಬಿಗೆ ಸೇರಿಸಿದೆ. ಅದು ಬದುಕಿದೆ, ನೊಣಗಳನ್ನು ಚೆನ್ನಾಗಿ ತಿನ್ನುತ್ತಿದೆ. ಹೊಸ ಪೆಟ್ಟಿಗೆ ಸಿದ್ಧವಾಗಿ ಎರಡು ತಿಂಗಳಾಯಿತು. ಅದರ ತರಗೆಲೆಯನ್ನು ವಾರಕ್ಕೊಮ್ಮೆ ಎತ್ತಿ ನೋಡುತ್ತಿದ್ದೇನೆ. ಅಡಿಯಲ್ಲಿ ಸ್ಪ್ರಿಂಗ್‌ಟೇಲ್‌ಗಳು ಈಗ ರವೆ ಚೆಲ್ಲಿದಂತೆ ಹರಡಿವೆ, ಆದರೂ ಕಪ್ಪೆ ಇನ್ನೂ ಡಬ್ಬಿಯಲ್ಲಿಯೇ ಇದೆ.