ಗಾರ್ಮೆಂಟ್ಸ್‌ನಲ್ಲಿ ಸಿಕ್ಕ ಮನಸ್ಥೈರ್ಯದ ತರಬೇತಿ: ಮೂರು ವರ್ಷ ಬಳಸಿ ನೋಡಿದ ಮೇಲೆ

ತರಬೇತಿ ಮುಗಿದ ವಾರವೇ ಬರೆದಿದ್ದರೆ ಐದಕ್ಕೆ ಐದು ಕೊಟ್ಟುಬಿಡುತ್ತಿದ್ದೆ. ಕೊನೆಯ ದಿನ ಸರ್ಟಿಫಿಕೇಟ್ ಕೊಟ್ಟು, ಫೋಟೊ ತೆಗೆದು, ಮೈಸೂರು ಪಾಕ್ ಹಂಚಿದಾಗ ನಮ್ಮ ಬ್ಯಾಚಿನ ಮೂವತ್ತು ಜನರ ಕಣ್ಣಲ್ಲೂ ನೀರಿತ್ತು. ಅದಾಗಿ ಮೂರು ವರ್ಷ ಕಳೆದಿದೆ. ಆಗ ಕಲಿತದ್ದರಲ್ಲಿ ಯಾವುದು ಕೈಯಲ್ಲಿ ಉಳಿಯಿತು, ಯಾವುದು ಉದುರಿಹೋಯಿತು ಅನ್ನುವುದು ಈಗ ನಿಚ್ಚಳವಾಗಿ ಕಾಣುತ್ತಿದೆ.

ನಾನು ಚನ್ನಪಟ್ಟಣದ ಹತ್ತಿರದ ಹಳ್ಳಿಯವಳು. 2007ರಲ್ಲಿ ದಾರ ಕತ್ತರಿಸುವ ಹೆಲ್ಪರ್ ಆಗಿ ಗಾರ್ಮೆಂಟ್ಸ್ ಸೇರಿದೆ. ಆಮೇಲೆ ಟೈಲರ್ ಆದೆ, ಈಗ ಮೈಸೂರು ರಸ್ತೆ ಬದಿಯ ಒಂದು ಕಾರ್ಖಾನೆಯಲ್ಲಿ ಶರ್ಟ್ ಲೈನಿನ ಸೂಪರ್‌ವೈಸರ್. ಕಾರ್ಖಾನೆಯ ಹೆಸರಾಗಲಿ, ತರಬೇತಿ ಕೊಟ್ಟ ಸಂಸ್ಥೆಯ ಹೆಸರಾಗಲಿ ಹಾಕುತ್ತಿಲ್ಲ. ಇಂಥ ತರಬೇತಿ ಬೇರೆ ಗಾರ್ಮೆಂಟ್ಸ್‌ಗಳಲ್ಲೂ ನಡೆಯುತ್ತದೆ, ಸೇರಬೇಕೋ ಬೇಡವೋ ಅಂತ ಯೋಚಿಸುತ್ತಿರುವ ಅಕ್ಕತಂಗಿಯರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ವಾರಕ್ಕೆ ಎರಡು ಗಂಟೆ, ಒಂಬತ್ತು ತಿಂಗಳು. ಜಾಗ ಕ್ಯಾಂಟೀನಿನ ಹಿಂದಿನ ಮೂಲೆ. ಒಂದು ಗಂಟೆ ಕೆಲಸದ ಹೊತ್ತಿನಲ್ಲಿ, ಇನ್ನೊಂದು ಗಂಟೆ ಶಿಫ್ಟ್ ಮುಗಿದ ಮೇಲೆ. ದುಡ್ಡು ಕಟ್ಟುವ ಹಾಗಿಲ್ಲ. ಮಾತಾಡುವುದು, ಕೇಳಿಸಿಕೊಳ್ಳುವುದು, ಸಿಟ್ಟು ಬಂದಾಗ ಏನು ಮಾಡುವುದು, ಸೋತಾಗ ಹೇಗೆ ಏಳುವುದು, ಕೆಲಸ ಕಲಿಯುವುದರ ಬಗ್ಗೆ ನಮ್ಮ ತಲೆಯಲ್ಲಿ ಕೂತಿರುವ ಮಾತುಗಳೇನು, ಎಲ್ಲಾ ಅದರಲ್ಲಿತ್ತು.

ಮೊದಲ ದಿನವೇ ತರಬೇತಿ ಕೊಡುವ ಮೇಡಂ ಕೇಳಿದರು, "ನಿಮಗೆ ಬರದೇ ಇರೋ ಆಪರೇಷನ್ ಯಾವುದು?" ಆಪರೇಷನ್ ಅಂದರೆ ಶರ್ಟಿನ ಒಂದೊಂದು ಭಾಗ ಹೊಲಿಯುವ ಕೆಲಸ. ನಾನು ಕಾಲರ್ ಅಟ್ಯಾಚ್, ಅಂದರೆ ಶರ್ಟಿಗೆ ಕಾಲರ್ ಕೂರಿಸುವುದು, ಅಂದೆ. "ಬರಲ್ಲವಾ, ಇನ್ನೂ ಬಂದಿಲ್ಲವಾ?" ಅಂದರು. ಅವತ್ತು ಇದೇನು ಮಾತಿನ ಆಟ ಅನ್ನಿಸಿತ್ತು. ಆದರೆ ನಮ್ಮ ಲೈನಿನಲ್ಲಿ "ನಂಗದು ಬರಲ್ಲ" ಅಂದರೆ ಅಲ್ಲಿಗೆ ಬಾಗಿಲು ಮುಚ್ಚಿದ ಹಾಗೆ. ಹೇಳಿದವಳೂ ಸುಮ್ಮನಾಗುತ್ತಾಳೆ, ಸೂಪರ್‌ವೈಸರ್ ಕೂಡ ಅವಳನ್ನು ಆ ಮಿಷನ್ ಹತ್ತಿರ ಮತ್ತೆ ಕರೆಯುವುದಿಲ್ಲ. ಹನ್ನೆರಡು ವರ್ಷ ಕಫ್, ಪಾಕೆಟ್ ಹೊಲಿದು ಕಾಲರಿಗೆ ಕೈ ಹಾಕದೆ ಇದ್ದದ್ದು ನನ್ನ ಬಾಯಿಂದ ಬಂದ ಆ ಒಂದು ಮಾತಿನಿಂದ. "ಇನ್ನೂ ಬಂದಿಲ್ಲ" ಅಂದಮೇಲೆ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ: ಹಾಗಾದರೆ ಯಾರ ಹತ್ತಿರ ಕಲಿಯಲಿ? ಊಟದ ಬಿಡುವಿನಲ್ಲಿ ಪಕ್ಕದ ಲೈನಿನ ಹಿರಿಯ ಟೈಲರ್ ಅಕ್ಕನ ಹತ್ತಿರ ವೇಸ್ಟ್ ಪೀಸುಗಳ ಮೇಲೆ ಕಲಿತೆ. ಕೈ ಪಳಗಲು ಎರಡು ತಿಂಗಳು ಹಿಡಿಯಿತು.

ಈ ವಿಚಾರದ ಹಿಂದೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ಯಾರಲ್ ಡ್ವೆಕ್ ಇದ್ದಾರೆ ಅಂತ ಮೇಡಂ ಹೇಳಿದ್ದರು. ಅವರು ಮತ್ತು ಕ್ಲಾಡಿಯಾ ಮುಲ್ಲರ್ 1998ರಲ್ಲಿ ಪ್ರಕಟಿಸಿದ ಅಧ್ಯಯನ ಐದನೇ ತರಗತಿಯ ಮಕ್ಕಳ ಮೇಲೆ ನಡೆದದ್ದು. "ನೀನು ಬುದ್ಧಿವಂತ" ಅಂತ ಹೊಗಳಿಸಿಕೊಂಡ ಮಕ್ಕಳು ಕಷ್ಟದ ಪ್ರಶ್ನೆ ಬಂದು ಸೋತ ಕೂಡಲೇ ಕುಗ್ಗಿದರು. "ಚೆನ್ನಾಗಿ ಕಷ್ಟಪಟ್ಟೆ" ಅನ್ನಿಸಿಕೊಂಡವರು ಹಠ ಬಿಡಲಿಲ್ಲ. ನಮ್ಮೂರಲ್ಲಿ ಹಾಡ್ತಾ ಹಾಡ್ತಾ ರಾಗ ಅನ್ನುತ್ತಾರಲ್ಲ, ಹತ್ತಿರ ಹತ್ತಿರ ಅದೇ. ಹೊಗಳುವ ಮಾತೂ ಮನುಷ್ಯರನ್ನು ಕಟ್ಟಿಹಾಕಬಹುದು ಅನ್ನುವುದು ಮಾತ್ರ ನನಗೆ ಹೊಸದು. "ಇವಳು ಹುಟ್ಟು ಟೈಲರ್" ಅಂತ ನಾವು ಎಷ್ಟು ಸಲ ಹೇಳುವುದಿಲ್ಲ!

ಇಡೀ ತರಬೇತಿಯಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮೂರು ಕಾಲಮಿನ ನೋಟ್‌ಬುಕ್. ಮೊದಲ ಕಾಲಮಿನಲ್ಲಿ ಏನಾಯಿತು, ಎರಡನೆಯದರಲ್ಲಿ ನಾನು ಏನಂದುಕೊಂಡೆ, ಮೂರನೆಯದರಲ್ಲಿ ಆಮೇಲೆ ಏನು ಮಾಡಿದೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲಿಸ್ ರೂಪಿಸಿದ ಕ್ರಮ ಇದು. ಅದಕ್ಕೆ ಮಾರ್ಟಿನ್ ಸೆಲಿಗ್‌ಮನ್ ಅವರ ಮೂರು ಪ್ರಶ್ನೆಗಳನ್ನು ಸೇರಿಸಿಕೊಟ್ಟಿದ್ದರು: ಇದು ನನ್ನೊಬ್ಬಳಿಂದಲೇ ಆಯಿತಾ? ಯಾವಾಗಲೂ ಹೀಗೇ ಆಗುತ್ತಾ? ನನ್ನ ಬದುಕಿನ ಎಲ್ಲದರಲ್ಲೂ ಹೀಗೇನಾ? 2009ರಲ್ಲಿ ಅಮೆರಿಕದ ಸೇನೆ ತನ್ನ ಸೈನಿಕರಿಗೆ ಶುರು ಮಾಡಿದ ಸ್ಥೈರ್ಯದ ತರಬೇತಿಗೂ ಸೆಲಿಗ್‌ಮನ್ ಅವರ ಕೆಲಸವೇ ಬುನಾದಿ.

ಒಂದು ಉದಾಹರಣೆ ಕೊಡುತ್ತೇನೆ. ಶಿಪ್‌ಮೆಂಟ್ ಹತ್ತಿರ ಇದ್ದಾಗ ನಾನು ಹೊಲಿದ ಕಾಲರಿನ ಎರಡು ಬಂಡಲ್ ಎಂಡ್‌ಲೈನ್ ಚೆಕಿಂಗಿನಿಂದ, ಅಂದರೆ ಲೈನಿನ ಕೊನೆಯ ತಪಾಸಣೆಯಿಂದ, ವಾಪಸ್ ಬಂತು. ಎರಡು ತುದಿ ಒಂದೇ ಸಮ ಇಲ್ಲ, ಪೂರಾ ಬಿಚ್ಚಿ ಆಲ್ಟರ್ ಮಾಡಬೇಕು. ಹಿಂದಾಗಿದ್ದರೆ ಟಾಯ್ಲೆಟ್ಟಿಗೆ ಹೋಗಿ ಅತ್ತು ಬಂದು, ಸಂಜೆಯವರೆಗೂ ಯಾರ ಜೊತೆಗೂ ಮಾತಾಡದೆ, ಮನೆಗೆ ಹೋಗಿ ಮಗಳ ಮೇಲೆ ರೇಗುತ್ತಿದ್ದೆ. ಅವತ್ತು ನೋಟ್‌ಬುಕ್ಕಿನಲ್ಲಿ ಬರೆದೆ. "ನನ್ನಿಂದಲೇ ಆಯಿತಾ?" ಅನ್ನುವ ಪ್ರಶ್ನೆಗೆ ಉತ್ತರ ಹುಡುಕಲು ಇನ್ನೂ ಹೊಲಿಯದ ಪೀಸುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಎಲ್ಲಿ ಸೇರಿಸಿ ಹೊಲಿಯಬೇಕು ಅಂತ ತೋರಿಸಲು ಕಟಿಂಗಿನಲ್ಲಿ ಬಟ್ಟೆಯ ಅಂಚಿಗೆ ಹಾಕುವ ನಾಚ್ ಗುರುತೇ ಒಂದು ಕಡೆ ಸರಿದಿತ್ತು. ತಪ್ಪು ಕಟಿಂಗಿನಿಂದಲೇ ಬಂದಿತ್ತು. ಅಷ್ಟೂ ಬಂಡಲ್ ಹೊಲಿಯುವ ಮೊದಲೇ ನಿಲ್ಲಿಸಿದ್ದಕ್ಕೆ ನೂರಾರು ಪೀಸ್ ಉಳಿದವು. ಅಳುತ್ತಾ ಕೂತಿದ್ದರೆ ಆ ನಾಚ್ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಸೂಪರ್‌ವೈಸರ್ ಆದ ಮೇಲೆ ಇದರ ಬೆಲೆ ಇನ್ನೂ ಗೊತ್ತಾಯಿತು. ನಮ್ಮ ಲೈನಿಗೆ ಒಡಿಶಾದಿಂದ ಒಬ್ಬ ಹುಡುಗಿ ಬಂದಳು. ಹತ್ತೊಂಬತ್ತು ವರ್ಷ, ಕನ್ನಡ ಒಂದಕ್ಷರ ಬರದು. ಕಫ್ ಅಟ್ಯಾಚಿಗೆ ಗಂಟೆಗೆ 60 ಟಾರ್ಗೆಟ್ ಇದ್ದರೆ ಅವಳದ್ದು 22. ಬೋರ್ಡಿನ ಮೇಲೆ ಆ 22 ಬರೆದಾಗಲೆಲ್ಲ ತಲೆ ತಗ್ಗಿಸುತ್ತಿದ್ದಳು. ಫ್ಲೋರ್ ಇನ್‌ಚಾರ್ಜ್ "ಈ ಹುಡುಗಿ ಕೈಲಾಗಲ್ಲ, ಹೆಲ್ಪರ್ ಮಾಡ್ಬಿಡಿ" ಅಂದರು. "ಸರ್, ಇನ್ನೂ ಆಗಿಲ್ಲ ಅಷ್ಟೆ, ಮೂರು ವಾರ ಕೊಡಿ" ಅಂದೆ. ಬರೀ "ಶಾಬಾಸ್, ಕಷ್ಟಪಡು" ಅನ್ನುತ್ತಾ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಅವಳು ಮೊದಲೇ ಬೆನ್ನು ಮುರಿಯುವಷ್ಟು ಕಷ್ಟಪಡುತ್ತಿದ್ದಳು. ಡ್ವೆಕ್ ಕೂಡ 2015ರಲ್ಲಿ ಈ ಎಚ್ಚರಿಕೆ ಕೊಟ್ಟಿದ್ದಾರೆ, ಬರೀ ಪ್ರಯತ್ನವನ್ನು ಹೊಗಳಿದರೆ ಸಾಲದು, ಬೇರೆ ದಾರಿ ಹುಡುಕಲು ನೆರವಾಗಬೇಕು ಅಂತ. ನಾನು ಅರ್ಧ ದಿನ ಅವಳ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಬಂಡಲ್ ಎಡಗಡೆ ಕೆಳಗಿತ್ತು, ಪ್ರತಿ ಪೀಸಿಗೂ ಬಗ್ಗಿ ಎತ್ತಿಕೊಳ್ಳುತ್ತಿದ್ದಳು. ಕಫ್ ತಿರುಗಿಸಲು ಎರಡು ಸಲ ಕೈ ಬದಲಿಸುತ್ತಿದ್ದಳು. ಬಂಡಲನ್ನು ತೊಡೆಯ ಎತ್ತರಕ್ಕೆ ಇಡಿಸಿದೆ, ಕೈ ಕ್ರಮ ತೋರಿಸಿದೆ. ನಾಲ್ಕನೇ ವಾರಕ್ಕೆ 54 ಕೊಟ್ಟಳು. ಈಗ ಹೊಸಬರಿಗೆ ಅವಳೇ ಹೇಳಿಕೊಡುತ್ತಾಳೆ, ಒಡಿಯಾದಲ್ಲೂ ನಮ್ಮ ಚನ್ನಪಟ್ಟಣದ ಕನ್ನಡದಲ್ಲೂ.

ಇಷ್ಟು ಒಳ್ಳೆಯದು. ಇನ್ನು ನನಗೆ ಒಪ್ಪಿಗೆಯಾಗದ್ದು.

ಐದನೇ ತಿಂಗಳ ಒಂದು ಪಾಠದಲ್ಲಿ "ಮೇಲಿನವರು ಬೈದರೆ ಅದನ್ನು ಸಲಹೆ ಅಂತ ತಗೊಳ್ಳಿ, ಬೆಳವಣಿಗೆಗೆ ಅವಕಾಶ ಅಂದ್ಕೊಳ್ಳಿ" ಅಂತ ಬಂತು. ನಾನು ಎದ್ದು ನಿಂತು ಕೇಳಿದೆ: "ಮೇಡಂ, ‘ಕಾಲರ್ ಸೊಟ್ಟಗಿದೆ, ಬಿಚ್ಚಿ ಹೊಲಿ’ ಅಂದರೆ ಸಲಹೆ. ತಾಯಿ ಹೆಸರೆತ್ತಿ ಬೈದರೆ, ಮೈಮೇಲೆ ಬಟ್ಟೆ ಎಸೆದರೆ ಅದೂ ಸಲಹೆನಾ?" ಮೇಡಂ ಒಳ್ಳೆಯವರು, ಆದರೆ ಅವರ ಪುಸ್ತಕದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಇಂಥ ನಡವಳಿಕೆಗೆ ದೂರು ಕೊಡುವ ದಾರಿ ಇದೆ. ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆ ಇದೆ, ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಸ್ಥೈರ್ಯದ ಪಾಠ ಹೇಳುವ ತರಗತಿಯಲ್ಲಿ ಈ ಮಾತು ಮೊದಲನೇ ವಾರವೇ ಬರಬೇಕಿತ್ತು. ಒಂಬತ್ತು ತಿಂಗಳಲ್ಲಿ ಒಮ್ಮೆಯೂ ಬರಲಿಲ್ಲ.

ತಡೆದುಕೊಳ್ಳುವುದು ಬೇರೆ, ಚೇತರಿಸಿಕೊಳ್ಳುವುದು ಬೇರೆ. ನಮ್ಮಮ್ಮ ರೇಷ್ಮೆ ನೂಲು ಬಿಚ್ಚಾಣಿಕೆ ಮಾಡುತ್ತಿದ್ದಳು. ಬಿಸಿನೀರಿನಲ್ಲಿ ಗೂಡು ತೇಲುತ್ತಿರುವಾಗ ಎಳೆ ತುಂಡಾದರೆ ಇನ್ನೊಂದು ಗೂಡಿನ ಎಳೆ ಹಿಡಿದು ಸೇರಿಸುತ್ತಿದ್ದಳು, ನೂಲು ಮುಂದೆ ಓಡುತ್ತಿತ್ತು. ಚೇತರಿಕೆ ಅಂದರೆ ಅದು. ಆ ನೀರಿನಲ್ಲಿ ಅವಳ ಬೆರಳು ಬೆಂದು ಬಿಳುಚಿಕೊಂಡದ್ದು ತಡೆದುಕೊಂಡದ್ದು. ಅದನ್ನು ಯಾವ ಪಾಠವೂ ಗುಣ ಅಂತ ಹೊಗಳಬಾರದು. ನೀರಿನಲ್ಲಿ ಕೈ ಅದ್ದದ ಹಾಗೆ ಮಿಷನ್ ಬದಲಿಸಬೇಕು.

ಎರಡನೆಯ ಕೊರತೆ, ಪಾಠ ಬರೀ ಟೈಲರುಗಳಿಗೆ. ಇನ್‌ಚಾರ್ಜ್, ಪ್ರೊಡಕ್ಷನ್ ಮ್ಯಾನೇಜರ್ ಒಂದು ದಿನವೂ ಕೂರಲಿಲ್ಲ. ನಾವು ಕಲಿತ ಮಾತು ಲೈನಿಗೆ ಬಂದರೆ ಅವರಿಗೆ ಅದು ಎದುರುತ್ತರ. ನಮ್ಮ ಬ್ಯಾಚಿನಲ್ಲಿ ಚೆನ್ನಾಗಿ ಮಾತು ಕಲಿತ ಇಬ್ಬರು ಆರು ತಿಂಗಳೊಳಗೆ ಕೆಲಸ ಬಿಟ್ಟರು. ಅವರ ಸೂಪರ್‌ವೈಸರ್ ಹಳೇ ದಾರಿಯವರು. ನಾನು ಉಳಿದದ್ದಕ್ಕೆ ನನ್ನ ಆಗಿನ ಸೂಪರ್‌ವೈಸರ್ ಅಕ್ಕ ಕಾರಣ. ನಾಚ್ ಸರಿದಿದೆ ಅಂದಾಗ ಅವರು ಬೈಯದೆ ಬಂದು ನೋಡಿದರು.

ಶಿಫ್ಟ್ ಮುಗಿದ ಮೇಲಿನ ಆ ಒಂದು ಗಂಟೆಯಿಂದ ಕಾರ್ಖಾನೆ ಬಸ್ಸು ತಪ್ಪುತ್ತಿತ್ತು. ಚಿಕ್ಕ ಮಕ್ಕಳಿದ್ದ ನಾಲ್ವರು ಅದೇ ಕಾರಣಕ್ಕೆ ಬಿಟ್ಟುಹೋದರು. ಮುಂದಿನ ಬ್ಯಾಚಿಗೆ ಎರಡೂ ಗಂಟೆ ಕೆಲಸದ ಹೊತ್ತಿನಲ್ಲೇ ಇಟ್ಟರು. ಅದು ನಾವು ಕೇಳಿ ಪಡೆದದ್ದು.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಮಗಳು ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದುತ್ತಿದ್ದಾಳೆ. ಅವಳು ಒಂದು ಅಧ್ಯಯನ ಓದಿ ಹೇಳಿದಳು. ನಮ್ಮದಲ್ಲ, ಗ್ಯಾಪ್ ಅನ್ನುವ ಬಟ್ಟೆ ಕಂಪನಿ 2007ರಲ್ಲಿ ಶುರು ಮಾಡಿದ ಪೇಸ್ ಅನ್ನುವ ತರಬೇತಿಯದ್ದು. ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲೇ ಲಾಟರಿ ಎತ್ತಿ ಕೆಲವರಿಗೆ ತರಬೇತಿ ಕೊಡಿಸಿ, ಸಿಗದವರ ಜೊತೆ ಹೋಲಿಸಿದರು. ತರಬೇತಿ ಪಡೆದವರ ಉತ್ಪಾದನೆ ಶೇ. 13.5ರಷ್ಟು ಹೆಚ್ಚಿತ್ತು. ಸಂಬಳ ಹೆಚ್ಚಿದ್ದು ಶೇ. 0.5ರಷ್ಟು. ಮಗಳು ಆ ಎರಡು ಅಂಕಿ ಓದಿದಾಗ ನಾನು ತರಕಾರಿ ಹೆಚ್ಚುತ್ತಿದ್ದೆ, ಕೈ ನಿಂತುಹೋಯಿತು. ತರಬೇತಿ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಅದೇ ಸಾಕ್ಷಿ. ಅದರ ಫಲ ಯಾರ ಪಾಲಾಗುತ್ತದೆ ಅನ್ನುವುದಕ್ಕೂ ಅದೇ.

ಅವಳೇ ಇನ್ನೊಂದನ್ನೂ ತೋರಿಸಿದಳು. ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ್ದು, ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿ. ಸ್ಥೈರ್ಯದ ತರಗತಿ, ಧ್ಯಾನದ ತರಗತಿಗೆ ಹೋದವರ ನೆಮ್ಮದಿ ಹೋಗದವರಿಗಿಂತ ಹೆಚ್ಚೇನೂ ಇರಲಿಲ್ಲ. ಎರಡೂ ಒಂದಕ್ಕೊಂದು ಹೊಂದುವುದಿಲ್ಲವಲ್ಲ ಅಂತ ಮಗಳು ಕೇಳಿದಳು. ನನಗೆ ಹೊಂದುತ್ತದೆ ಅನ್ನಿಸಿತು. ನಮಗೆ ಮಾತಾಡಲು, ಕೆಲಸ ಕಲಿಯಲು ಹೇಳಿಕೊಟ್ಟಾಗ ಕೆಲಸ ಬದಲಾಯಿತು. ಟಾರ್ಗೆಟ್ ಹಾಗೇ ಇಟ್ಟು ಮನಸ್ಸು ಗಟ್ಟಿ ಮಾಡಿಕೋ ಅಂದ ದಿನಗಳಲ್ಲಿ ನನ್ನ ರಾತ್ರಿಯ ನಿದ್ದೆ ಏನೂ ಬದಲಾಗಲಿಲ್ಲ.

2016ರಲ್ಲಿ ಪಿಎಫ್ ನಿಯಮ ಬದಲಿಸಿದ್ದು ಗಾರ್ಮೆಂಟ್ಸ್‌ನವರು ಯಾರೂ ಮರೆತಿರಲಿಕ್ಕಿಲ್ಲ. ಮಾಲೀಕರ ಪಾಲಿನ ಹಣ 58 ವರ್ಷ ಆಗುವವರೆಗೆ ಸಿಗುವುದಿಲ್ಲ ಅಂದರು. ಏಪ್ರಿಲ್‌ನಲ್ಲಿ ಬೊಮ್ಮನಹಳ್ಳಿ, ಹೊಸೂರು ರಸ್ತೆಯಲ್ಲಿ ಸಾವಿರಾರು ಹೆಂಗಸರು ಮಿಷನ್ ಬಿಟ್ಟು ರಸ್ತೆಗೆ ಬಂದರು. ಎರಡನೇ ದಿನಕ್ಕೆ ಕೇಂದ್ರ ಸರ್ಕಾರ ಆ ಆದೇಶ ವಾಪಸ್ ತಗೊಂಡಿತು. ಸ್ಥೈರ್ಯಕ್ಕೆ ಉದಾಹರಣೆ ಕೊಡಿ ಅಂತ ತರಗತಿಯಲ್ಲಿ ಕೇಳಿದಾಗ ನಾನು ಇದನ್ನೇ ಹೇಳಿದೆ. ಒಬ್ಬೊಬ್ಬರೇ ಮೂರು ಕಾಲಮಿನಲ್ಲಿ ಬರೆಯುವುದರಿಂದ ಆಗದ್ದು ಕೆಲವು ಇವೆ.

ಇನ್ನೊಂದು ಮಾತು. ನಮ್ಮ ಬ್ಯಾಚಿನಲ್ಲಿ ಒಬ್ಬಾಕೆ ಪ್ರತಿ ವಾರ ಅಳುತ್ತಿದ್ದಳು, ಊಟ ಬಿಟ್ಟಿದ್ದಳು. ಅವಳಿಗೆ ಬೇಕಾದದ್ದು ನೋಟ್‌ಬುಕ್ ಅಲ್ಲ, ಡಾಕ್ಟರು. ಆ ವ್ಯತ್ಯಾಸ ಗುರುತಿಸುವುದನ್ನು ತರಬೇತಿ ಹೇಳಿಕೊಡಲಿಲ್ಲ. ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಲ್ಲಿ ಶುರುವಾಗಿದೆ, ನಂಬರ್ 14416. ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನಾನು ಅದನ್ನು ದೊಡ್ಡ ಅಕ್ಷರದಲ್ಲಿ ಬರೆದು ನೀರಿನ ಡ್ರಮ್ಮಿನ ಮೇಲೆ ಅಂಟಿಸಿದ್ದೇನೆ, ಎಲ್ಲರೂ ಅಲ್ಲಿಗೆ ಬಂದೇ ಬರುತ್ತಾರೆ.

ಮೂರು ವರ್ಷದಲ್ಲಿ ಉದುರಿಹೋದದ್ದು ಗೋಡೆಯ ಮೇಲಿನ ಘೋಷಣೆಗಳು, ಉಸಿರಾಟದ ಅಭ್ಯಾಸ, ಐದು ವರ್ಷದ ಗುರಿ ಬರೆದ ಚಾರ್ಟ್. ಮತ್ತೆ ನೆನಪಿಸುವ ತರಗತಿ ಒಂದೂ ನಡೆಯದ್ದರಿಂದ ಎಷ್ಟೋ ಜನ ನೋಟ್‌ಬುಕ್ ಕೂಡ ಬಿಟ್ಟಿದ್ದಾರೆ. ನಾನು ನಾಲ್ಕನೇ ನೋಟ್‌ಬುಕ್ಕಿನಲ್ಲಿದ್ದೇನೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಸೇರಿ ಅಂತಲೇ ಹೇಳುತ್ತೇನೆ, ಆದರೆ ಹೆಸರು ಕೊಡುವ ಮೊದಲು ತರಗತಿ ಕೆಲಸದ ಹೊತ್ತಿನಲ್ಲೇ ಇದೆಯಾ, ಇನ್‌ಚಾರ್ಜ್ ಕೂಡ ಕೂರುತ್ತಾರಾ, ಕಲಿತ ಆಪರೇಷನ್ನಿಗೆ ಸಂಬಳದ ಗ್ರೇಡ್ ಸಿಗುತ್ತಾ, ಇಷ್ಟನ್ನು ಬಾಯಿಬಿಟ್ಟು ಕೇಳಿ. ಮುಂದಿನ ತಿಂಗಳು ಹೊಸ ಬ್ಯಾಚ್. ನಮ್ಮ ಲೈನಿನಿಂದ ಆರು ಹೆಸರು ಕೊಟ್ಟಿದ್ದೇನೆ, ಏಳನೆಯದಾಗಿ ಫ್ಲೋರ್ ಇನ್‌ಚಾರ್ಜ್ ಸರ್ ಹೆಸರನ್ನೂ ಬರೆದಿದ್ದೇನೆ. ಎಚ್‌ಆರ್ ಮೇಡಂ ಪಟ್ಟಿ ನೋಡಿದರು, ಆ ಹೆಸರನ್ನು ಹೊಡೆದುಹಾಕಲಿಲ್ಲ.