ಮಡಚುವ 4×5 ಕ್ಯಾಮೆರಾ: 7 ವರ್ಷ ಹೊತ್ತು ತಿರುಗಿದ ಮೇಲೆ

4×5 ಇಂಚಿನ ಫಿಲ್ಮ್ ಹಾಳೆ ಬಳಸುವ, ಮರದ ಮಡಚುವ ಕ್ಯಾಮೆರಾ ಕೊಂಡು 7 ವರ್ಷ ಆಯಿತು. ಕೊಳ್ಳುವಾಗ ನಾನು ನೋಡಿದ್ದು ತೂಕ ಒಂದನ್ನೇ. ಈಗ ಮತ್ತೆ ಕೊಳ್ಳುವುದಾದರೆ ಅದನ್ನು ಕೊನೆಗೆ ನೋಡುತ್ತೇನೆ. ಲೆನ್ಸ್ ಹಿಡಿದು ನಿಲ್ಲುವ ಮುಂದಿನ ಚೌಕಟ್ಟು ಎಷ್ಟು ಗಟ್ಟಿ ಅನ್ನುವುದೇ ಮೊದಲು.

ನನ್ನದು ಸುಮಾರು ಒಂದೂವರೆ ಕಿಲೋ. ಲಿನ್‌ಹಾಫ್ ಟೆಕ್ನಿಕಾದಂಥ ಲೋಹದ ಕ್ಯಾಮೆರಾಗಳು ಎರಡೂವರೆ ಕಿಲೋ ಆಸುಪಾಸಿನಲ್ಲಿರುತ್ತವೆ. ಒಂದು ಕಿಲೋ ಕಡಿಮೆ ಅಂದರೆ ದೊಡ್ಡ ಲಾಭ ಅನಿಸುತ್ತದೆ, ಅಲ್ವಾ? ಆದರೆ ಚೀಲದಲ್ಲಿ ಕ್ಯಾಮೆರಾ ಒಂದೇ ಇರುವುದಿಲ್ಲ. ಮೂರು ಲೆನ್ಸ್, ಆರು ಫಿಲ್ಮ್ ಹೋಲ್ಡರ್, ಲೈಟ್ ಮೀಟರ್, ಕಪ್ಪು ಬಟ್ಟೆ, ಭೂತಗನ್ನಡಿ, ಕುಡಿಯುವ ನೀರು, ಇದೆಲ್ಲದರ ಮೇಲೆ ಟ್ರೈಪಾಡ್. ಒಮ್ಮೆ ತೂಗಿದಾಗ ಒಟ್ಟು 9 ಕಿಲೋ ಇತ್ತು. ಇಷ್ಟೆಲ್ಲ ಹೊತ್ತರೂ ಆರು ಹೋಲ್ಡರ್‌ನಲ್ಲಿ, ಒಂದರಲ್ಲಿ ಎರಡರಂತೆ, ಸಿಗುವುದು 12 ಫಿಲ್ಮ್ ಹಾಳೆ ಮಾತ್ರ. ಭಾರ ಇಳಿಸಬೇಕಾದರೆ ಲೆನ್ಸ್ ಕಡೆ ನೋಡಿ. 300 ಮಿಮೀ ಎಫ್9 ಲೆನ್ಸ್ ಅಂಗೈಯಲ್ಲಿ ಕೂರುತ್ತದೆ. ಹೆಚ್ಚು ಬೆಳಕು ಬಿಡುವ, ಅದೇ 300ರ ಎಫ್5.6 ಲೆನ್ಸ್ ಅದರ ಮೂರು ಪಟ್ಟಿಗಿಂತ ಜಾಸ್ತಿ ತೂಗುತ್ತದೆ.

ಮುಂದಿನ ಚೌಕಟ್ಟಿನ ಪಾಠ ಕಲಿತಿದ್ದು ಮೊದಲ ವರ್ಷದಲ್ಲೇ. ಫೋಕಸ್ ಸರಿಯಾಗಿ ಮಾಡಿದರೂ ಚಿತ್ರ ಮಸುಕಾಗಿ ಬರುತ್ತಿತ್ತು. ತಿಂಗಳುಗಟ್ಟಲೆ ಸುಮ್ನೆ ಲೆನ್ಸನ್ನು ಬೈದೆ. ಕೊನೆಗೆ ಒಂದು ದಿನ ಫೋಕಸ್ ಮಾಡಿ, ಹೋಲ್ಡರ್ ಹಾಕಿ ತೆಗೆದು, ಮತ್ತೆ ಕ್ಯಾಮೆರಾ ಹಿಂದಿನ, ಚಿತ್ರ ಮೂಡುವ ಗಾಜು ನೋಡಿದೆ. ಫೋಕಸ್ ಬದಲಾಗಿತ್ತು! ಹೋಲ್ಡರ್ ತೂರಿಸುವಾಗ ಬೀಳುವ ಅಲ್ಪ ಒತ್ತಡಕ್ಕೇ ಮುಂದಿನ ತಿರುಪು ಜಾರುತ್ತಿತ್ತು. ಒಳಗಿನ ವಾಷರ್ ಬದಲಿಸಿದ ಮೇಲೆ ಸರಿಯಾಯಿತು.

ಅಂದಿನಿಂದ ಯಾರ ಕ್ಯಾಮೆರಾ ಕೈಗೆ ಸಿಕ್ಕರೂ ಒಂದು ಪರೀಕ್ಷೆ ಮಾಡುತ್ತೇನೆ. ಬೆಲ್ಲೋಸ್ (ಲೆನ್ಸಿಗೂ ಗಾಜಿಗೂ ನಡುವಿನ, ಮಡಿಕೆಗಳಿರುವ ಭಾಗ) ಪೂರ್ತಿ ಎಳೆದು, ಇರುವುದರಲ್ಲಿ ಭಾರದ ಲೆನ್ಸ್ ಹಾಕಿ, ಎಲ್ಲ ತಿರುಪು ಬಿಗಿ ಮಾಡುತ್ತೇನೆ. ಗಾಜಿನ ಮೇಲೆ ಭೂತಗನ್ನಡಿ ಇಟ್ಟು ನೋಡುತ್ತಾ ಲೆನ್ಸ್ ಕೂರಿಸಿದ ಫಲಕವನ್ನು, ಅಂದರೆ ಲೆನ್ಸ್ ಬೋರ್ಡನ್ನು, ಬೆರಳಲ್ಲಿ ಮೆಲ್ಲಗೆ ಒತ್ತುತ್ತೇನೆ. ಚಿತ್ರ ಅಲುಗಿ ಮತ್ತೆ ಇದ್ದ ಜಾಗಕ್ಕೇ ಬಂದರೆ ತೊಂದರೆ ಇಲ್ಲ, ಮರ ಸ್ವಲ್ಪ ಬಾಗಿದೆ ಅಷ್ಟೆ. ವಾಪಸ್ ಬರಲಿಲ್ಲ ಅಂದರೆ ತಿರುಪು ಜಾರುತ್ತಿದೆ ಅಂತ ಅರ್ಥ. ಅಂಥದ್ದು ಬೇಡ.

ಯಾವ ಭಾಗ ಎಷ್ಟು ಡಿಗ್ರಿ ಬಾಗುತ್ತದೆ, ತಿರುಗುತ್ತದೆ ಅನ್ನುವ ಪಟ್ಟಿಗೆ ಮರುಳಾಗಬೇಡಿ. ಬಯಲಲ್ಲಿ ನನಗೆ ದಿನವೂ ಬೇಕಾಗುವುದು ಎರಡೇ. ಒಂದು, ಲೆನ್ಸನ್ನು ಮೇಲಕ್ಕೆ ಏರಿಸುವುದು. ಕ್ಯಾಮೆರಾವನ್ನು ಮೇಲ್ಮುಖ ಮಾಡದೆ ಮರದ ತುದಿ ಸಿಗುತ್ತದೆ, ಕಾಂಡಗಳು ನೆಟ್ಟಗೆ ನಿಲ್ಲುತ್ತವೆ. ಇನ್ನೊಂದು, ಲೆನ್ಸನ್ನು ತುಸು ಮುಂದಕ್ಕೆ ಬಾಗಿಸುವುದು. ಆಸ್ಟ್ರಿಯಾದ ಶೈಮ್‌ಫ್ಲಗ್ 1904ರ ಪೇಟೆಂಟ್‌ನಲ್ಲಿ ವಿವರಿಸಿದ ನಿಯಮವೇ ಇದರ ಹಿಂದಿದೆ. ಲೆನ್ಸ್ ಬಾಗಿದರೆ ಫೋಕಸ್ ಆಗುವ ಸಮತಲವೂ ಬಾಗಿ ನೆಲದ ಉದ್ದಕ್ಕೂ ಮಲಗುತ್ತದೆ. ನಾಲ್ಕೈದು ಡಿಗ್ರಿ ಬಾಗಿಸಿದರೆ ಸಾಕು, ಕಾಲ ಬುಡದ ಕಲ್ಲೂ ದೂರದ ಬೆಟ್ಟವೂ ಒಟ್ಟಿಗೆ ಚೂಪಾಗುತ್ತವೆ. ಕಪ್ಪು ಬಟ್ಟೆ ಹೊದ್ದು, ಗಾಜಿನ ಮೇಲೆ ತಲೆಕೆಳಗಾಗಿ ನಿಂತ ಬೆಟ್ಟ ಮೆಲ್ಲಗೆ ಸ್ಪಷ್ಟವಾಗುವುದನ್ನು ನೋಡುವ ಸುಖಕ್ಕೇ ನಾನು ಈ ಭಾರ ಹೊರುವುದು.

ಬೆಲ್ಲೋಸ್ ಎಷ್ಟು ಉದ್ದ ಅನ್ನುವುದನ್ನು ಮಾತ್ರ ಲೆಕ್ಕ ಹಾಕಿಯೇ ನೋಡಿ. ನನ್ನದು 330 ಮಿಮೀ ತನಕ ಎಳೆಯುತ್ತದೆ. 300 ಮಿಮೀ ಲೆನ್ಸ್ ಹಾಕಿದರೆ ಸುಮಾರು 3.3 ಮೀಟರ್‌ಗಿಂತ ಹತ್ತಿರದ್ದು ಫೋಕಸ್ ಆಗುವುದೇ ಇಲ್ಲ. 150ರ ಲೆನ್ಸ್‌ನಲ್ಲಾದರೆ 300ಕ್ಕೆ ಎಳೆದಾಗ ಎಲೆ ಎಷ್ಟು ದೊಡ್ಡದೋ ಫಿಲ್ಮ್ ಮೇಲೂ ಅಷ್ಟೇ ದೊಡ್ಡದಾಗಿ ಬರುತ್ತದೆ. ಆಗ ಎರಡು ಸ್ಟಾಪ್ ಜಾಸ್ತಿ, ಅಂದರೆ ನಾಲ್ಕು ಪಟ್ಟು ಬೆಳಕು ಕೊಡಬೇಕು. ಅಗಲ ನೋಟದ 90ರ ಲೆನ್ಸ್‌ನಲ್ಲಿ ಕಷ್ಟ ಬೇರೆ ತರಹದ್ದು. ಬೆಲ್ಲೋಸ್ ಒತ್ತಾಗಿ ಮಡಚಿಕೊಂಡು ಲೆನ್ಸ್ ಏರಿಸಲು ಬಿಡುವುದಿಲ್ಲ. ಅಗಲ ನೋಟದ ಲೆನ್ಸೇ ಜಾಸ್ತಿ ಬಳಸುವವರು, ಬೆಲ್ಲೋಸ್ ಬಿಚ್ಚಿ ಚೀಲದಂಥ ಮೆತ್ತನೆಯದು ಹಾಕಲು ಬರುವ ಕ್ಯಾಮೆರಾ ನೋಡಿ.

ಲೆನ್ಸ್ ಬೋರ್ಡ್ ವಿಷಯದಲ್ಲಿ ಯೋಚನೆ ಬೇಡ. 96×99 ಮಿಮೀ ಟೆಕ್ನಿಕಾ ಮಾದರಿ ಕೂರುವಂಥದ್ದು ತೆಗೆದುಕೊಳ್ಳಿ.

ಬಿಚ್ಚಿ ನಿಲ್ಲಿಸಲು ಮೊದಮೊದಲು 10 ನಿಮಿಷ ಬೇಕಿತ್ತು, ಅಷ್ಟರಲ್ಲಿ ಬೆಳಕೇ ಹೋಗಿರುತ್ತಿತ್ತು. ಆಮೇಲೆ ಮೂರೂ ಲೆನ್ಸ್‌ಗಳು ಅನಂತಕ್ಕೆ ಫೋಕಸ್ ಆಗುವ ಜಾಗವನ್ನು ಕ್ಯಾಮೆರಾದ ತಳದ ಹಲಗೆಯ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಂಡೆ. ಈಗ ಎರಡು ನಿಮಿಷ ಸಾಕು. ಗಾಳಿ ಜೋರಿದ್ದರೆ ಬೆಲ್ಲೋಸ್ ಹಾಯಿಯ ಹಾಗೆ ಅದುರುತ್ತದೆ. ಗಾಳಿ ಬರುವ ಕಡೆ ಕೊಡೆ ಅಡ್ಡ ಹಿಡಿದು ತೆಗೆಯುತ್ತೇನೆ.

ನಾಲ್ಕನೇ ವರ್ಷ ನೆಗೆಟಿವ್‌ಗಳ ಒಂದೇ ಮೂಲೆಯಲ್ಲಿ ಕಪ್ಪು ಪಟ್ಟೆ ಬರತೊಡಗಿತು. ಡಾರ್ಕ್ ಸ್ಲೈಡ್ (ಹೋಲ್ಡರ್‌ನಲ್ಲಿ ಫಿಲ್ಮ್ ಮುಚ್ಚುವ ಹಾಳೆ) ತೆಗೆದು ಹೆಚ್ಚು ಹೊತ್ತು ಕಾದಷ್ಟೂ ಪಟ್ಟೆ ಗಾಢ. ಕತ್ತಲ ಕೋಣೆಯಲ್ಲಿ ಬೆಲ್ಲೋಸ್ ಒಳಗೆ ಟಾರ್ಚ್ ಇಟ್ಟು ನೋಡಿದೆ. ಮಡಿಕೆಯ ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತು, ನಕ್ಷತ್ರದ ಹಾಗೆ ಹೊಳೆಯುತ್ತಿತ್ತು. ಬಟ್ಟೆಗೆ ಬಳಿಯುವ ಕಪ್ಪು ಬಣ್ಣ ಮೆತ್ತಿದೆ. ಒಂದು ವರ್ಷ ತಡೆಯಿತು, ಆಮೇಲೆ ಪಕ್ಕದಲ್ಲೇ ಇನ್ನೆರಡು ತೂತು. ಹೊಸ ಬೆಲ್ಲೋಸ್ ಹಾಕಿಸಲೇಬೇಕಾಯಿತು. ಹಳೆಯ ಕ್ಯಾಮೆರಾ ಕೊಳ್ಳಲು ಹೋಗುವವರು ಜೇಬಿನಲ್ಲಿ ಒಂದು ಸಣ್ಣ ಟಾರ್ಚ್ ಇಟ್ಟುಕೊಂಡೇ ಹೋಗಿ.

ಹೊಸ ಬೆಲ್ಲೋಸ್‌ಗೆ ಈಗ ಎರಡು ವರ್ಷ. ತಿಂಗಳಿಗೊಮ್ಮೆ ಕತ್ತಲಲ್ಲಿ ಕೂತು ಅದರ ಒಂದೊಂದು ಮೂಲೆಯನ್ನೂ ನೋಡುತ್ತೇನೆ. ಇದುವರೆಗೆ ಎಲ್ಲೂ ಬೆಳಕು ಕಂಡಿಲ್ಲ.