ಬಾಲ್ ಪೈಥಾನ್‌ಗೆ ಜೀವಂತ ಇಲಿಯೋ, ಫ್ರೀಜರ್ ಇಲಿಯೋ?

ಅಮೆರಿಕದಲ್ಲಿ ಬಾಲ್ ಪೈಥಾನ್, ಅಂದರೆ ಆಫ್ರಿಕಾ ಮೂಲದ ವಿಷವಿಲ್ಲದ ಸಣ್ಣ ಹೆಬ್ಬಾವು, ಸಾಕುವ ಕನ್ನಡಿಗರೂ ಇದ್ದಾರೆ. (ನಮ್ಮ ಹೆಬ್ಬಾವು, ನಾಗರಹಾವುಗಳನ್ನು ಸಾಕಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಅದು ಸರಿಯೂ ಹೌದು.) ಸಾಧುವಾಗಿದ್ದ ಹಾವು ಒಮ್ಮೆಲೇ ಕಚ್ಚಿದರೆ ಬೈಗುಳ ಬೀಳುವುದು ಊಟಕ್ಕೆ. ಜೀವಂತ ಇಲಿ ಕೊಟ್ಟಿದ್ದಕ್ಕೇ ಕ್ರೂರವಾಯಿತು ಅಂತ. ಹಾಗಲ್ಲ.

ಕಚ್ಚಿ ಹಿಡಿದುಕೊಂಡು ಕೈಗೆ ಸುತ್ತಿಕೊಂಡರೆ ಅದು ಹಸಿವು. ಕೈಯಲ್ಲಿ ಇಲಿಯ ವಾಸನೆ ಇದ್ದಿರಬಹುದು. ಇದು ಊಟವಲ್ಲ ಅಂತ ಹಾವಿಗೆ ಗೊತ್ತಾಗಲು, ಹಾವು ಎತ್ತುವ ಕೊಕ್ಕೆಯಿಂದ ಮೊದಲು ಮೆಲ್ಲಗೆ ಮುಟ್ಟಿ, ಆಮೇಲೆ ಎತ್ತಿ. ಕತ್ತು 'ಎಸ್' ಆಕಾರಕ್ಕೆ ಮಡಚಿ, ಬುಸುಗುಟ್ಟಿ, ಕಚ್ಚಿ ತಟ್ಟನೆ ಬಿಟ್ಟರೆ ಅದು ಹೆದರಿಕೆ. ಕಣ್ಣು ಮಸುಕಾಗಿದ್ದರೆ ಪೊರೆ ಬಿಡುವ ಹೊತ್ತು. ಸುಮ್ನೆ ಬಿಟ್ಟುಬಿಡಿ. ಇದ್ಯಾವುದೂ ಅಲ್ಲದೆ ಸಿಟ್ಟು ಮುಂದುವರಿದರೆ ನೋವೋ ಕಾಯಿಲೆಯೋ ಇರಬಹುದು. ಸರೀಸೃಪ ನೋಡುವ ವೈದ್ಯರಿಗೆ ತೋರಿಸಿ.

ಇನ್ನು ಆಯ್ಕೆ. ಜೀವಂತ ಇಲಿಯ ಪರವಾಗಿ ಒಂದೇ ಮಾತಿದೆ: ಬೇರೇನೂ ಮುಟ್ಟದ ಹಟಮಾರಿ ಹಾವೂ ಅದನ್ನು ತಿನ್ನಬಹುದು. ಆದರೆ ಹೆದರಿದ ಇಲಿ ಹಾವನ್ನೇ ಕಡಿಯುತ್ತದೆ. ಕಣ್ಣು ಹೋದರೆ ಬರುವುದಿಲ್ಲ. ಇಲಿಗೂ ಅದು ನರಕ ಅಲ್ವಾ?

ನನ್ನ ಮತ ಫ್ರೀಜರ್ ಇಲಿಗೆ, ಅಂದರೆ ಮೊದಲೇ ಸಾಯಿಸಿ ಹೆಪ್ಪುಗಟ್ಟಿಸಿದ ಇಲಿಗೆ. ರಾತ್ರಿಯಿಡೀ ಫ್ರಿಜ್‌ನಲ್ಲಿ ಕರಗಿಸಿ, ಚೀಲದಲ್ಲಿಟ್ಟು ಬಿಸಿನೀರಿನಲ್ಲಿ ಮುಳುಗಿಸಿ. ಮೈಕ್ರೋವೇವ್ ಬೇಡ. ಬಾಲ್ ಪೈಥಾನ್ ತುಟಿಯ ಗುಳಿಗಳಿಂದ ಶಾಖ ಗ್ರಹಿಸುತ್ತದೆ, ಹಾಗಾಗಿ ಇಲಿ ಬೆಚ್ಚಗಿರಲೇಬೇಕು. ಉದ್ದದ ಚಿಮ್ಮಟದಲ್ಲಿ ಹಿಡಿದು ಕೊಡಿ. ದಪ್ಪ, ಹಾವಿನ ನಡುಭಾಗದಷ್ಟಿದ್ದರೆ ಸಾಕು. ತಿಂದ ಮೇಲೆ 48 ಗಂಟೆ ಎತ್ತಬೇಡಿ.